ತಿಂಗಳುಗಟ್ಟಲೆ ಬಂದ್ ಇದ್ದ ಗೀಸರ್, ಹೀಟರ್ ಚಳಿಗಾಲಕ್ಕೆ ಮತ್ತೆ ಹಾಕುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆ ನವೆಂಬರ್ ಹೊತ್ತಿಗೆ ಬೆಳಗಿನ ಚಳಿ ಶುರುವಾದಾಗ, ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆ ಡಿಸೆಂಬರ್ ಬಂದಾಗ ಮನೆಮನೆಗಳಿಂದ ಬರುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇವೆ. ನಿಮಗೆ ಬೇಕಾದ ಉತ್ತರವನ್ನಷ್ಟೇ ಓದಿದರೂ ನಡೆಯುತ್ತದೆ.

## ಸ್ವಿಚ್ ಹಾಕುವ ಮೊದಲು

ಹೋದ ವರ್ಷ ಸರಿಯಾಗೇ ಇತ್ತು. ಸುಮ್ನೆ ಸ್ವಿಚ್ ಹಾಕಿದ್ರೆ ಏನಾಗ್ತದೆ?

ಹೆಚ್ಚಿನ ಸಲ ಏನೂ ಆಗುವುದಿಲ್ಲ, ಅದಕ್ಕೇ ಜನ ಪರೀಕ್ಷೆ ಮಾಡದೆ ಹಾಕುತ್ತಾರೆ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಮರ, ಬಟ್ಟೆ ಎಲ್ಲ ತೇವ ಹೀರಿಕೊಂಡಿರುತ್ತವೆ. ಹೀಟರ್ ಕೂಡ ಹಾಗೇ. ಗೀಸರಿನ ಕಾಯಿಲ್ ಹೊರಗಿನಿಂದ ಗಟ್ಟಿ ಲೋಹದ ಕೊಳವೆಯಂತೆ ಕಂಡರೂ ಅದರೊಳಗೆ ನಿಕ್ರೋಮ್ ತಂತಿ ಇರುತ್ತದೆ. ತಂತಿಗೂ ಕೊಳವೆಗೂ ನಡುವೆ ಒತ್ತಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ ಇರುತ್ತದೆ. ಒಣಗಿದ್ದಾಗ ಈ ಪುಡಿ ಕರೆಂಟನ್ನು ಚೆನ್ನಾಗಿ ತಡೆಯುತ್ತದೆ. ಕೊಳವೆಯ ತುದಿಯ ಸೀಲ್ ಸವೆದಿದ್ದರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಆಗ ಕರೆಂಟ್ ಸ್ವಲ್ಪ ಸ್ವಲ್ಪವಾಗಿ ಹೊರಮೈಗೆ ಸೋರುತ್ತದೆ. ದಿನಾ ಹಾಕುವ ಹೀಟರಿನಲ್ಲಿ ಆ ತೇವ ಅಂದಂದೇ ಆರಿಹೋಗುತ್ತದೆ. ಐದಾರು ತಿಂಗಳು ಬಂದ್ ಇದ್ದದ್ದರಲ್ಲಿ ಉಳಿದುಬಿಡುತ್ತದೆ.

ಇನ್ನೊಂದು ತೊಂದರೆ ಜೋಡಣೆಗಳದ್ದು. ಕರಾವಳಿಯ ಉಪ್ಪುಗಾಳಿಗೆ ಹಿತ್ತಾಳೆ ಸ್ಕ್ರೂ, ತಾಮ್ರದ ತಂತಿ ತುದಿಗಳು ಕಿಲುಬು ಹಿಡಿಯುತ್ತವೆ. ಕಿಲುಬು ಹಿಡಿದ ಜೋಡಣೆಯಲ್ಲಿ 8-9 ಆಂಪಿಯರ್ ಹರಿದರೆ ಆ ಜಾಗವೇ ಕಾದು ಪ್ಲಾಸ್ಟಿಕ್ ಕರಗುತ್ತದೆ. ಘಟ್ಟದ ಮೇಲೆ ಉಪ್ಪಿನ ಕಾಟ ಇಲ್ಲ, ಅದರ ಬದಲು ಇಲಿ, ಇರುವೆ, ಹಲ್ಲಿ, ಮಣ್ಣಿನ ಗೂಡು ಕಟ್ಟುವ ಕಣಜ ಇವೆ.

ಯಾವಾಗ ನೋಡಿಡೋದು ಒಳ್ಳೇದು?

ಮಳೆ ನಿಂತು ನಾಲ್ಕೈದು ದಿನ ಒಳ್ಳೆ ಬಿಸಿಲು ಬಿದ್ದ ಮೇಲೆ, ಅಡಿಕೆ ಕೊನೆಕೊಯ್ಲು ಶುರುವಾಗುವ ಮೊದಲು. ಕೊಯ್ಲು ಹಿಡಿದರೆ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಚಳಿ ಬಿದ್ದ ವಾರ ಎಲೆಕ್ಟ್ರಿಷಿಯನ್ ಕೈಗೆ ಸಿಗುವುದೂ ಇಲ್ಲ.

ಯಾವುದನ್ನ ನಾವೇ ನೋಡಬಹುದು, ಯಾವುದಕ್ಕೆ ಎಲೆಕ್ಟ್ರಿಷಿಯನ್ ಕರೀಬೇಕು?

ಸ್ಕ್ರೂ ಬಿಚ್ಚದೆ ಕಾಣುವುದೆಲ್ಲ ನಿಮ್ಮದು, ಮುಚ್ಚಳ ತೆಗೆಯಬೇಕಾದದ್ದು ಅವರದ್ದು. ಮೊದಲು ಆ ಉಪಕರಣದ ಎಂಸಿಬಿ (ಶಾರ್ಟ್ ಆದರೆ, ಲೋಡು ಹೆಚ್ಚಾದರೆ ತಾನಾಗಿ ಬೀಳುವ ಬೋರ್ಡಿನ ಸ್ವಿಚ್) ಇಳಿಸಿ, ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನೋಡಿ. ಮೂರೂ ಪಿನ್ ಹೊಳೆಯುತ್ತಿರಬೇಕು. ಒಂದು ಪಿನ್ ಕಪ್ಪಾಗಿದ್ದರೆ ಅಥವಾ ಅದರ ಬುಡದ ಪ್ಲಾಸ್ಟಿಕ್ ಕಂದಾಗಿದ್ದರೆ ಸಾಕೆಟ್ ಸಡಿಲ ಎಂದೇ ಅರ್ಥ, ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ. ವೈರನ್ನು ಉದ್ದಕ್ಕೂ ಬೆರಳಾಡಿಸಿ ನೋಡಿ: ಗಟ್ಟಿಯಾಗಿ ಬಿರಿದ ಜಾಗ, ಇಲಿ ಕಚ್ಚಿದ ಗುರುತು, ಟೇಪ್ ಸುತ್ತಿದ ಜೋಡು. ಗೀಸರ್ ಕೆಳಗೆ ಗೋಡೆಯ ಮೇಲೆ ತುಕ್ಕಿನ ಗೆರೆ ಇಳಿದಿದೆಯೇ, ಮೇಲಿನ ಹುಕ್ಕು, ಬೋಲ್ಟು ತಿಂದುಹೋಗಿವೆಯೇ ನೋಡಿ. ತುಂಬಿದ 25 ಲೀಟರ್ ಗೀಸರ್ 35 ಕಿಲೋ ಹತ್ತಿರ ತೂಗುತ್ತದೆ. ಚಿರೇಕಲ್ಲು ಗೋಡೆಯಲ್ಲಿ ಬೋಲ್ಟ್ ಹಿಡಿತ ಸಡಿಲವಾಗುವುದು ಅಪರೂಪವೇನಲ್ಲ.

ಕೊನೆಗೆ ಮೇನ್ ಬೋರ್ಡಿನ ಆರ್‌ಸಿಸಿಬಿಯಲ್ಲಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಇರುವ ‘ಟಿ’ ಎಂಬ ಪರೀಕ್ಷೆ ಗುಂಡಿ ಒತ್ತಿ. ಟಪ್ಪೆಂದು ಬೀಳಬೇಕು. ಬೀಳದಿದ್ದರೆ, ಅಥವಾ ಬೋರ್ಡಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲದಿದ್ದರೆ, ಗೀಸರಿಗಿಂತ ಮೊದಲು ಅದನ್ನು ಸರಿಮಾಡಿಸಿ.

## ಗೀಸರ್

ಬೆಂಗಳೂರಿನಿಂದ ಮಕ್ಕಳು ಬಂದಾಗ ಮಾತ್ರ ಹಾಕುವ ಗೀಸರ್. ಶುರು ಮಾಡುವ ಸರಿಯಾದ ಕ್ರಮ ಹೇಳಿ.

ಕ್ರಮ ಒಂದೇ: ನೀರು ಮೊದಲು, ಕರೆಂಟ್ ಆಮೇಲೆ. ನೀರಿಲ್ಲದ ಟ್ಯಾಂಕಿನಲ್ಲಿ 2000 ವ್ಯಾಟಿನ ಕಾಯಿಲ್ ಸ್ವಲ್ಪ ಹೊತ್ತಿಗೇ ಕೆಂಪಗಾಗಿ ಸುಟ್ಟುಹೋಗುತ್ತದೆ.

ಎಂಸಿಬಿ ಇಳಿಸಿಯೇ ಇರಲಿ. ಗೀಸರಿಗೆ ತಣ್ಣೀರು ಹೋಗುವ ವಾಲ್ವ್ ಪೂರ್ತಿ ತಿರುಗಿಸಿ. ಬಹಳ ದಿನ ತಿರುಗಿಸದ ವಾಲ್ವ್ ಬಿಗಿದಿರುತ್ತದೆ. ಇಕ್ಕಳ ಹಾಕಿ ಜಗ್ಗಿದರೆ ಪೈಪ್ ಗೋಡೆಯೊಳಗೆ ತುಂಡಾಗುತ್ತದೆ, ನಿಧಾನವಾಗಿ ಅತ್ತಿತ್ತ ಅಲುಗಿಸಿ ಬಿಡಿಸಿ. ಈಗ ಬಚ್ಚಲಿನ ಬಿಸಿನೀರಿನ ನಲ್ಲಿ ಪೂರ್ತಿ ಬಿಡಿ. ಮೊದಲು ಗಾಳಿ ಬುಸುಗುಡುತ್ತದೆ, ಆಮೇಲೆ ನೀರು ಉಗುಳುತ್ತದೆ, ಆಮೇಲೆ ಏಕಧಾರೆಯಾಗುತ್ತದೆ. ಏಕಧಾರೆ ಬಂದರೆ ಟ್ಯಾಂಕ್ ತುಂಬಿತು. ಅಲ್ಲಿಗೆ ನಿಲ್ಲಿಸಬೇಡಿ. 15 ಲೀಟರ್ ಗೀಸರಾದರೆ ಕನಿಷ್ಠ ಮೂರು ದೊಡ್ಡ ಬಕೆಟ್, 25 ಲೀಟರಾದರೆ ಐದು ಬಕೆಟ್ ನೀರು ಹೊರಗೆ ಬಿಡಿ. ಒಳಗೆ ತಳ ಹಿಡಿದ ಗಸಿ, ತುಕ್ಕಿನ ಪುಡಿ ಇದರಲ್ಲಿ ಹೋಗುತ್ತದೆ. ಶವರ್ ಇದ್ದರೆ ಅದರ ತಲೆ ಬಿಚ್ಚಿಟ್ಟು ನೀರು ಬಿಡಿ, ಇಲ್ಲದಿದ್ದರೆ ಗಸಿ ತೂತುಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ನಲ್ಲಿ ಮುಚ್ಚಿ ಅರ್ಧ ಗಂಟೆ ಬಿಟ್ಟು ಗೀಸರಿನ ಕೆಳಗೆ, ಅದಕ್ಕೆ ಜೋಡಿಸಿದ ಎರಡೂ ಪೈಪುಗಳ ನಟ್ಟಿನಲ್ಲಿ ಕೈಯಾಡಿಸಿ. ಒಣಗಿದ್ದರೆ ಮುಂದಕ್ಕೆ. ಹನಿ ಇದ್ದರೆ ಬಹುಪಾಲು ರಬ್ಬರ್ ವಾಷರ್ ಒಣಗಿ ಬಿರಿದಿರುತ್ತದೆ. ಗೀಸರಿನ ತಳದ ಮುಚ್ಚಳದೊಳಗಿಂದಲೇ ನೀರು ಬಂದರೆ ಅದು ಕಾಯಿಲ್ ಕೂರಿಸಿದ ತಟ್ಟೆಯ (ಫ್ಲೇಂಜ್) ಗ್ಯಾಸ್ಕೆಟ್. ವೈರಿನ ತುದಿಗಳು ಅಲ್ಲೇ ಇರುವುದರಿಂದ ಅದನ್ನು ಸರಿಮಾಡಿಸದೆ ಕರೆಂಟ್ ಕೊಡಕೂಡದು.

ಈಗ ಕೈ ಒರೆಸಿಕೊಂಡು, ಕಾಲಿಗೆ ಒಣ ಚಪ್ಪಲಿ ಹಾಕಿ, ಎಂಸಿಬಿ ಏರಿಸಿ, ಸ್ವಿಚ್ ಹಾಕಿ. ಶಾಖ ಹೊಂದಿಸುವ ಗುಬ್ಬಿ 60 ಡಿಗ್ರಿಗಿರಲಿ. 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು 2000 ವ್ಯಾಟಿನಲ್ಲಿ ಸುಮಾರು 18 ನಿಮಿಷ, 25 ಲೀಟರಿಗೆ ಅರ್ಧ ಗಂಟೆ ಬೇಕು. ಆ ಹೊತ್ತು ಯಾರೂ ಬಚ್ಚಲಿಗೆ ಹೋಗುವುದು ಬೇಡ. ಕಾದ ಮೇಲೆ ಕೆಂಪು ದೀಪ ತಾನಾಗಿ ಆರಬೇಕು. ಮುಕ್ಕಾಲು ಗಂಟೆಯಾದರೂ ಆರದೆ ಟ್ಯಾಂಕಿನಿಂದ ಗಳಗಳ ಕುದಿಯುವ ಸದ್ದು ಬಂದರೆ, ಕಾದ ಮೇಲೆ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಅಂಟಿಕೊಂಡಿದೆ. ಎಂಸಿಬಿ ಇಳಿಸಿ, ತಾನಾಗಿ ತಣಿಯಲು ಬಿಡಿ.

ಮೊದಲ ನೀರು ಕೆಂಪಗೆ ಬಂತು, ಕೊಳೆತ ಮೊಟ್ಟೆ ವಾಸನೆ ಬೇರೆ. ಮೀಯಬಹುದಾ?

ಕೆಂಪಿಗೆ ಹೆದರಬೇಕಾಗಿಲ್ಲ. ಜಂಬಿಟ್ಟಿಗೆ ಮಣ್ಣಿನ ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ನಿಂತಲ್ಲಿ ಇಳಿಯುತ್ತದೆ. ನಾಲ್ಕೈದು ಬಕೆಟ್ ಬಿಟ್ಟ ಮೇಲೂ ಕೆಂಪು ಬರುತ್ತಲೇ ಇದ್ದರೆ ಟ್ಯಾಂಕೇ ತುಕ್ಕು ಹಿಡಿದಿದೆ, ದುರಸ್ತಿಗೆ ಹಣ ಹಾಕುವುದು ವ್ಯರ್ಥ. ಮೊಟ್ಟೆ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡ್‌ನಿಂದ. ನಿಂತ ನೀರಿನ ಕೆಲವು ಬ್ಯಾಕ್ಟೀರಿಯಾಗಳು ಟ್ಯಾಂಕ್ ತುಕ್ಕು ಹಿಡಿಯದಂತೆ ಒಳಗೆ ಹಾಕಿದ ಮೆಗ್ನೀಸಿಯಂ ರಾಡಿನ ಸಹವಾಸದಲ್ಲಿ ಅದನ್ನು ಮಾಡುತ್ತವೆ.

ಕಣ್ಣಿಗೂ ಮೂಗಿಗೂ ಸಿಗದ ಇನ್ನೊಂದು ಬ್ಯಾಕ್ಟೀರಿಯಾ ಲೀಜಿಯೊನೆಲ್ಲ. 20ರಿಂದ 45 ಡಿಗ್ರಿಯ ನಡುವಿನ ನಿಂತ ನೀರು ಅದಕ್ಕೆ ಒಗ್ಗುತ್ತದೆ, ನಮ್ಮಲ್ಲಿ ಬಂದ್ ಇದ್ದ ಗೀಸರಿನ ನೀರು ವರ್ಷವಿಡೀ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕುಡಿದರೆ ಬರುವುದಕ್ಕಿಂತ ಶವರಿನ ತುಂತುರು ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಹತ್ತುತ್ತದೆ. ವಯಸ್ಸಾದವರಿಗೆ, ದಮ್ಮು ಇರುವವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ಹಾಗಾಗಿ ಮೊದಲ ಟ್ಯಾಂಕನ್ನು 60 ಡಿಗ್ರಿಗೆ ಕಾಯಿಸಿ, ಅರ್ಧ ಗಂಟೆ ಹಾಗೇ ಇಟ್ಟು, ಕಿಟಕಿ ತೆರೆದು, ಶವರ್ ಬಿಡದೆ ನಲ್ಲಿಯಿಂದಲೇ ಪೂರ್ತಿ ಹೊರಗೆ ಬಿಡಿ. ಎರಡನೇ ಟ್ಯಾಂಕಿನಲ್ಲಿ ಮೀಯಿರಿ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ತಣ್ಣೀರು ಬಕೆಟಿಗೆ ಮೊದಲು ಬಿಟ್ಟು ಆಮೇಲೆ ಬಿಸಿ ಬೆರೆಸುವ ರೂಢಿ ಮಕ್ಕಳಿಗೂ ಇರಲಿ.

ಗೀಸರ್ ಕೆಳಗಿನ ವಾಲ್ವ್‌ನಿಂದ ಹನಿ ಬೀಳ್ತದೆ. ಎಂ-ಸೀಲ್ ಹಾಕಿ ಮುಚ್ಚಿಬಿಡಲಾ?

ಬೇಡವೇ ಬೇಡ. ನೀರು ಕಾದರೆ ಹಿಗ್ಗುತ್ತದೆ. 15 ಲೀಟರ್ ನೀರು 25ರಿಂದ 60 ಡಿಗ್ರಿಗೆ ಹೋದಾಗ ಸುಮಾರು 200 ಮಿಲಿಲೀಟರ್ ಹೆಚ್ಚಾಗುತ್ತದೆ. ವಾಪಸ್ ಹರಿಯಲು ದಾರಿ ಇಲ್ಲದಿದ್ದಾಗ ಆ ಹೆಚ್ಚಿನ ನೀರು ಹೊರಹೋಗಲೆಂದೇ ವಾಲ್ವ್ ಇದೆ. ಕಾಯುವ ಹೊತ್ತಿನಲ್ಲಿ ಹನಿ ಬಿದ್ದು ಆಮೇಲೆ ನಿಂತರೆ ಅದು ಕೆಲಸ ಮಾಡುತ್ತಿದೆ. ಮುಚ್ಚಿದಿರೋ, ಥರ್ಮೋಸ್ಟಾಟ್ ಕೆಟ್ಟ ದಿನ ಟ್ಯಾಂಕ್ ಸಿಡಿಯುತ್ತದೆ. ತಣ್ಣಗಿದ್ದಾಗಲೂ ಹನಿ ನಿಲ್ಲದಿದ್ದರೆ ವಾಲ್ವಿನ ಸೀಟಿನಲ್ಲಿ ಮರಳು ಸಿಕ್ಕಿರಬಹುದು. ಚಿಕ್ಕ ಲಿವರ್ ಇರುವ ಮಾದರಿಯಾದರೆ ಎರಡು ಮೂರು ಸಲ ಎತ್ತಿ ಬಿಡಿ, ಆಗಲೂ ನಿಲ್ಲದಿದ್ದರೆ ಅದೇ ರೇಟಿಂಗಿನ ಹೊಸ ವಾಲ್ವ್ ಹಾಕಿಸಿ.

ಟ್ಯಾಂಕ್ ಒಳಗಿನ ಆನೋಡ್ ರಾಡ್ ಬದಲಿಸಬೇಕಂತೆ, ಹೌದಾ?

ಹೌದು. ಉಕ್ಕಿನ ಟ್ಯಾಂಕಿನ ಬದಲು ತಾನು ಕರಗುವುದೇ ಆ ಮೆಗ್ನೀಸಿಯಂ ರಾಡಿನ ಕೆಲಸ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆ ಹತ್ತಿರದ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪುನೀರು ನುಗ್ಗುವುದುಂಟು, ಅಲ್ಲಿ ರಾಡ್ ಬೇಗ ತೀರುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ. ಅರ್ಧಕ್ಕಿಂತ ಸಣ್ಣಗಾಗಿದ್ದರೆ ಅಥವಾ ನಡುವಿನ ತಂತಿ ಕಾಣುತ್ತಿದ್ದರೆ ಬದಲಿಸಿ. ಗ್ಯಾಸ್ಕೆಟ್ ಹೊಸದೇ ಹಾಕಬೇಕು, ಹಳೆಯದನ್ನು ತಿರುಗಿ ಕೂರಿಸಿದರೆ ಸೋರುತ್ತದೆ.

ದೀಪ ಹತ್ತುತ್ತದೆ, ನೀರು ಮಾತ್ರ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಕಾಯಿಲ್ ಹೋಯ್ತಾ?

ಮೊದಲು ವೋಲ್ಟೇಜ್ ನೋಡಿ. ಕಾಯಿಲಿನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿಗೆ 2000 ವ್ಯಾಟ್ ಕೊಡುವ ಕಾಯಿಲ್ 180 ವೋಲ್ಟಿಗೆ 1225 ವ್ಯಾಟ್ ಮಾತ್ರ ಕೊಡುತ್ತದೆ. 18 ನಿಮಿಷದ ಕೆಲಸ ಅರ್ಧ ಗಂಟೆಯಾಗುತ್ತದೆ. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ಇದು ಮಾಮೂಲು. ಕಾಯಿಲಿಗೆ ಇದರಿಂದ ಹಾನಿಯಿಲ್ಲ, ಸ್ಟೆಬಿಲೈಜರ್ ಕೊಳ್ಳಬೇಡಿ. ಪಂಪ್ ನಿಂತ ಹೊತ್ತಿಗೆ ಕಾಯಿಸಿಡಿ.

ನೀರು ಒಂದಿಷ್ಟೂ ಬೆಚ್ಚಗಾಗದಿದ್ದರೆ, ಮಿತಿಮೀರಿ ಕಾದಾಗ ಕರೆಂಟ್ ಕಡಿಯುವ ಥರ್ಮಲ್ ಕಟೌಟ್ ಬಿದ್ದಿರಬಹುದು. ತಳದ ಮುಚ್ಚಳದೊಳಗಿನ ಚಿಕ್ಕ ಗುಂಡಿ ಅದು. ಒತ್ತಿದರೆ ಕೂರುತ್ತದೆ, ಆದರೆ ಅದು ಬಿದ್ದದ್ದೇಕೆ ಎಂದು ಎಲೆಕ್ಟ್ರಿಷಿಯನ್ ನೋಡದೆ ಒತ್ತಿ ಕೂರಿಸಿದರೆ ಪ್ರಯೋಜನವಿಲ್ಲ.

## ರೂಮ್ ಹೀಟರ್

ಕಾರವಾರದಲ್ಲಿ ರೂಮ್ ಹೀಟರ್ ಬೇಕಾ?

ಸಮುದ್ರದ ಹತ್ತಿರ ರಾತ್ರಿ ಅಷ್ಟು ತಣಿಯುವುದಿಲ್ಲ. ಬಾಣಂತಿ, ಹಸುಗೂಸು, ಹಾಸಿಗೆ ಹಿಡಿದ ಹಿರಿಯರು ಇದ್ದರೆ ಸರಿ, ಉಳಿದವರಿಗೆ ಕಂಬಳಿ ಸಾಕು.

ಅಟ್ಟದಿಂದ ಇಳಿಸಿ ಹಾಕಿದ ಕೂಡ್ಲೇ ಸುಟ್ಟ ವಾಸನೆ. ಇದು ಸಹಜವಾ?

ಯಾವ ವಾಸನೆ ಎಂಬುದು ಮುಖ್ಯ. ಧೂಳು ಸುಡುವ ವಾಸನೆ ಕೂದಲು ಸುಟ್ಟಂತೆ ಒಣಗಿರುತ್ತದೆ, ಐದು ಹತ್ತು ನಿಮಿಷದಲ್ಲಿ ಹೋಗುತ್ತದೆ. ಪ್ಲಾಸ್ಟಿಕ್ ಕರಗುವ, ಮೀನು ವಾಸನೆಯಂಥ, ಕಣ್ಣುರಿಸುವ ವಾಸನೆ ಬಂದರೆ ವೈರಿನ ಹೊದಿಕೆಯೋ ಪ್ಲಗ್ಗಿನ ಬುಡವೋ ಬೇಯುತ್ತಿದೆ. ಕೂಡಲೇ ಸ್ವಿಚ್ ತೆಗೆದು, ಪ್ಲಗ್ ಮುಟ್ಟುವ ಮೊದಲು ಎಂಸಿಬಿಯನ್ನೂ ಇಳಿಸಿ.

ಮೊದಲ ವಾಸನೆಯೂ ಬಾರದಂತೆ ಮಾಡಬಹುದು. ಪ್ಲಗ್ಗಿಗೆ ಹಾಕದೆ, ಅಂಗಳದಲ್ಲಿಟ್ಟು ಒಣ ಕುಂಚದಿಂದ ಜಾಲರಿಯ ಧೂಳು ತೆಗೆಯಿರಿ. ಒದ್ದೆ ಬಟ್ಟೆ ಒಳಗೆ ಹಾಕಬೇಡಿ. ಗಾಳಿ ಊದುವ ಬ್ಲೋವರ್ ಹೀಟರಿನಲ್ಲಿ ಹಿಂದಿನ ಜಾಲರಿಯೇ ಮುಖ್ಯ: ಅಲ್ಲಿ ಹತ್ತಿ, ಜೇಡರ ಬಲೆ ಕಟ್ಟಿಕೊಂಡರೆ ಗಾಳಿ ಸಾಲದೆ ಒಳಗಿನ ಸುರುಳಿ ಕೆಂಪಗಾಗುತ್ತದೆ. ಸೈಕಲ್ ಪಂಪಿನ ಗಾಳಿ ಹೊಡೆದರೆ ಹೋಗುತ್ತದೆ. ರೆಕ್ಕೆ ಕೈಯಿಂದ ತಿರುಗಿಸಿದರೆ ಸರಾಗ ತಿರುಗಬೇಕು. ಕ್ವಾರ್ಟ್ಜ್ ಅಥವಾ ಹ್ಯಾಲೋಜನ್ ರಾಡ್ ಇರುವುದಾದರೆ ಗಾಜಿನ ಕೊಳವೆ ಬಿರಿದಿದೆಯೇ ನೋಡಿ, ಹ್ಯಾಲೋಜನ್ ಕೊಳವೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಹತ್ತಿದ ಜಾಗ ಹೆಚ್ಚು ಕಾದು ಅಲ್ಲೇ ಒಡೆಯುತ್ತದೆ. ಅಲುಗಿಸಿದಾಗ ಒಳಗೆ ಏನಾದರೂ ಉರುಳಿದ ಸದ್ದಾದರೆ ಹಾಕುವುದೇ ಬೇಡ. ಇಲಿ ತಂದಿಟ್ಟ ಅಡಿಕೆ ಸಿಪ್ಪೆ ಅದರೊಳಗೆ ಸಿಕ್ಕಿದ್ದುಂಟು.

ಆಮೇಲೆ ಎರಡು ದಿನ ಬಿಸಿಲಿಗಿಟ್ಟು, ಮೊದಲ ಸಲ ಕಿಟಕಿ ತೆರೆದು, ಕಡಿಮೆ ಹಂತದಲ್ಲಿ ಹದಿನೈದು ನಿಮಿಷ, ಎದುರಿಗೇ ಕುಳಿತು ಓಡಿಸಿ.

ಆಯಿಲ್ ಹೀಟರನ್ನ ಮಲಗಿಸಿ ಇಟ್ಟಿದ್ವಿ. ಎಣ್ಣೆ ಹಾಕಬೇಕಾ?

ಎಣ್ಣೆ ಹಾಕುವ ದಾರಿಯೇ ಅದರಲ್ಲಿಲ್ಲ, ಕಾರ್ಖಾನೆಯಲ್ಲೇ ಸೀಲ್ ಮಾಡಿರುತ್ತಾರೆ. ಮಲಗಿಸಿದಾಗ ಎಣ್ಣೆ ಒಂದು ಕಡೆ ಸರಿದು ಕಾಯಿಲ್ ಬರಿದಾಗುತ್ತದೆ. ನೆಟ್ಟಗೆ ನಿಲ್ಲಿಸಿ ಒಂದೆರಡು ಗಂಟೆ ಬಿಟ್ಟು ಹಾಕಿ. ಕಾಯುವಾಗ ಟಕ್ ಟಕ್ ಎನ್ನುವುದು ಲೋಹ ಹಿಗ್ಗುವ ಸದ್ದು, ಚಿಂತೆ ಬೇಡ. ನೆಲದ ಮೇಲೆ ಎಣ್ಣೆಯ ಕಲೆ ಕಂಡರೆ ಮಾತ್ರ ಅದರ ಆಯುಷ್ಯ ಮುಗಿಯಿತು, ಬೆಸುಗೆ ಹಾಕಿಸಿ ಬಳಸಬೇಡಿ.

ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬಹುದಾ? ಸಾಕೆಟ್ ದೂರ ಇದೆ.

ಬೇಡ. ಅಂಗಡಿಯಲ್ಲಿ ಸಿಗುವ ಹೆಚ್ಚಿನವು 6 ಆಂಪಿಯರಿನವು. 2000 ವ್ಯಾಟಿನ ಹೀಟರ್ 8.7 ಆಂಪಿಯರ್ ಎಳೆಯುತ್ತದೆ. ಸುತ್ತಿಟ್ಟ ವೈರಾದರೆ ಸುರುಳಿಯೊಳಗಿನ ಶಾಖ ಹೊರಹೋಗದೆ ಇನ್ನೂ ಕೆಡುಕು. ದಪ್ಪ ಪಿನ್ನಿನ ಪ್ಲಗ್ಗಿಗೆ ಸಣ್ಣ ಪಿನ್ನಿನ ಕನ್ವರ್ಟರ್ ಸಿಕ್ಕಿಸುವುದು ಇದೇ ತಪ್ಪಿನ ಇನ್ನೊಂದು ರೂಪ. 16 ಆಂಪಿಯರ್ ಸಾಕೆಟ್ ಇರುವ ಕೋಣೆಯಲ್ಲೇ ಹೀಟರ್ ಇಡಿ. ಹದಿನೈದು ನಿಮಿಷ ಓಡಿದ ಮೇಲೆ ಪ್ಲಗ್ಗಿನ ಬೆನ್ನು ಮುಟ್ಟಿ ನೋಡಿ: ಬೆಚ್ಚಗಿರಬಹುದು, ಕೈಯಿಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ.

ಅಜ್ಜಿ ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಇಡಬಹುದಾ?

ಕೆಂಪಗೆ ಉರಿಯುವ ರಾಡ್ ಹೀಟರ್, ಬ್ಲೋವರ್ ಬೇಡ. ಮಲಗುವ ಅರ್ಧ ಗಂಟೆ ಮೊದಲು ಕೋಣೆ ಕಾಯಿಸಿ ತೆಗೆದುಬಿಡಿ. ರಾತ್ರಿ ಇರಲೇಬೇಕೆಂದರೆ ಆಯಿಲ್ ಹೀಟರ್, ಕಡಿಮೆ ಹಂತದಲ್ಲಿ. ಸೊಳ್ಳೆಪರದೆ, ಕಂಬಳಿ, ಕುರ್ಚಿಯ ಮೇಲಿನ ಸೀರೆ ಇವೆಲ್ಲ ಕನಿಷ್ಠ ಒಂದು ಮೀಟರ್ ದೂರ. ನಮ್ಮ ಕಡೆ ಸೊಳ್ಳೆಪರದೆಯೇ ಹೆಚ್ಚು ಅಪಾಯದ್ದು, ಫ್ಯಾನಿನ ಗಾಳಿಗೆ ಹಾರಿ ಬಂದು ಜಾಲರಿಗೆ ಅಂಟುತ್ತದೆ. ಆರದ ಬಟ್ಟೆಯನ್ನು ಹೀಟರಿನ ಮೇಲೆ ಹರವಬೇಡಿ. ಹೀಟರನ್ನು ನಿಧಾನವಾಗಿ ವಾಲಿಸಿ ನೋಡಿ, ವಾಲಿದರೆ ತಾನಾಗಿ ಆರಬೇಕು. ಕರೆಂಟಿನ ಹೀಟರ್ ಕೋಣೆಯ ಆಮ್ಲಜನಕ ಸುಡುವುದಿಲ್ಲ, ಗಂಟಲು ಒಣಗುವುದು ಬಿಸಿ ಗಾಳಿಯಿಂದ. 1000 ವ್ಯಾಟಿನಲ್ಲಿ ಆರು ಗಂಟೆ ನಿಲ್ಲದೆ ಉರಿದರೆ 6 ಯುನಿಟ್.

## ರಾಡ್, ಗ್ಯಾಸ್, ಸೋಲಾರ್, ಬಚ್ಚಲ ಒಲೆ

ಬಕೆಟಿಗೆ ಹಾಕುವ ಹಳೇ ಹೀಟರ್ ರಾಡ್ ಇದೆ. ಬಳಸಬಹುದಾ?

ಕೊಳವೆಯ ಮೇಲೆ ಗುಳಿ, ಬಿರುಕು, ಹಿಡಿಯ ಪ್ಲಾಸ್ಟಿಕ್‌ನಲ್ಲಿ ಸೀಳು ಏನೇ ಇದ್ದರೂ ಎಸೆಯಿರಿ. ಎರಡೇ ಪಿನ್ನಿನದ್ದಾದರೂ ಎಸೆಯಿರಿ. ಚೆನ್ನಾಗಿದ್ದರೂ ನಿಯಮ ಬದಲಾಗುವುದಿಲ್ಲ: ನೀರಿನಲ್ಲಿ ಗುರುತಿನವರೆಗೆ ಮುಳುಗಿಸಿ ಆಮೇಲೆ ಸ್ವಿಚ್, ಸ್ವಿಚ್ ತೆಗೆದು ಪ್ಲಗ್ ಕಿತ್ತು ಆಮೇಲೆ ನೀರು ಮುಟ್ಟುವುದು. ಬಿಸಿಯಾಯಿತೇ ಎಂದು ಬೆರಳದ್ದಿ ನೋಡುವ ಅಭ್ಯಾಸವೇ ಜೀವ ತೆಗೆಯುವುದು.

ಗ್ಯಾಸ್ ಗೀಸರ್ ಬಚ್ಚಲೊಳಗೇ ಇದೆ. ಸೆಲ್ ಬದಲಿಸಿದ್ರೆ ಸಾಕಾ?

ಸಾಲದು. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಆಮ್ಲಜನಕ ಇಳಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರ, ವಾಕರಿಕೆ, ಕಾಲು ಸೋಲುವುದು ಶುರುವಾಗುವಷ್ಟರಲ್ಲಿ ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಗೀಸರನ್ನು ಹೊರಗೋಡೆಗೆ ಸರಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಚಳಿಗೆ ಹೆದರಿ ಕಿಟಕಿಗೆ ಗೋಣಿ ಕಟ್ಟುವ ಮನೆಗಳಿಗೆ ಇದನ್ನು ಒತ್ತಿ ಹೇಳಬೇಕು.

ಹೊರಗಿದ್ದರೂ ಹಾಕುವ ಮೊದಲು ಇಷ್ಟು ನೋಡಿ. ಸೆಲ್ ಒಳಗೇ ಬಿಟ್ಟಿದ್ದರೆ ಸೋರಿ ಬಿಳಿ ಪುಡಿ ಕಟ್ಟಿರುತ್ತದೆ, ಒರೆಸಿ ಹೊಸ ಜೋಡಿ ಹಾಕಿ. ರಬ್ಬರ್ ಪೈಪಿನ ಮೇಲೆ ಅಚ್ಚಾದ ಅವಧಿ ನೋಡಿ, ಬಿರುಕು ಇದ್ದರೆ ಅವಧಿ ಉಳಿದಿದ್ದರೂ ಬದಲಿಸಿ. ಎಲ್ಲ ಜೋಡಣೆಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ, ಬೆಂಕಿಕಡ್ಡಿ ಗೀರಿ ಅಲ್ಲ. ಬರ್ನರ್ ಮತ್ತು ಹೊಗೆ ಹೋಗುವ ಬಾಯಿಯಲ್ಲಿ ಕಣಜ ಮಣ್ಣು ಮೆತ್ತಿರುವ ಸಾಧ್ಯತೆ ಬಹಳ. ಜ್ವಾಲೆ ನೀಲಿಯಾಗಿರಬೇಕು. ಹಳದಿ ಬಂದರೆ, ಮಸಿ ಹಿಡಿದರೆ ಬಂದ್ ಮಾಡಿ ಮೆಕ್ಯಾನಿಕ್ ಕರೆಸಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಸೋಲಾರ್‌ಗೆ ನೀರು ಬಂದ್ ಮಾಡಿಟ್ಟಿದ್ವಿ. ಈಗ ವಾಲ್ವ್ ಬಿಟ್ರೆ ಆಯ್ತಲ್ಲ?

ಹಗಲು ಬಿಡಬೇಡಿ. ಖಾಲಿ ಗಾಜಿನ ಟ್ಯೂಬ್ ಬಿಸಿಲಿಗೆ 100 ಡಿಗ್ರಿಗೂ ಮೇಲೆ ಕಾದಿರುತ್ತದೆ, ತಣ್ಣೀರು ಬಿದ್ದರೆ ಒಡೆಯುತ್ತದೆ. ಬೆಳಗ್ಗೆ ಬಿಸಿಲು ಏರುವ ಮೊದಲು ತುಂಬಿಸಿ. ಮಳೆಗಾಲದ ಪಾಚಿ ತೊಳೆದು ತೆಗೆಯಿರಿ. ಟ್ಯಾಂಕಿನ ಮೇಲಿನ ಗಾಳಿಕೊಳವೆಯ ಬಾಯಿ ತೆರೆದಿದೆಯೇ ನೋಡಿ.

ನಮ್ಮದು ಬಚ್ಚಲ ಹಂಡೆ, ಕಟ್ಟಿಗೆ ಒಲೆ. ಅದರಲ್ಲಿ ನೋಡಲು ಏನಿದೆ?

ದಿನಾ ಉರಿಯುವ ಒಲೆಗೆ ಏನಿಲ್ಲ. ಮುಚ್ಚಿದ ಮನೆಯದ್ದಾದರೆ ಹೊಗೆಕೊಳವೆ ನೋಡಿ. ಹಕ್ಕಿ ಗೂಡು, ಸೋಗೆ ಕಸ ಸಿಕ್ಕಿದ್ದರೆ ಹೊಗೆ ವಾಪಸ್ ಬಚ್ಚಲಿಗೇ ಬರುತ್ತದೆ. ಒಂದು ಹಾಳೆ ತುಂಡು ಹೊತ್ತಿಸಿ ಒಲೆಬಾಯಿಯಲ್ಲಿ ಹಿಡಿದರೆ ಹೊಗೆ ಒಳಗೆ ಎಳೆದುಕೊಳ್ಳಬೇಕು. ನಡುವೆ ಬೆಂಕಿ ಕೊಳವೆ ಇರುವ ತಾಮ್ರದ ಬಾಯ್ಲರಿಗೆ ನೀರು ತುಂಬದೆ ಬೆಂಕಿ ಹಾಕಿದರೆ ಜೋಡಣೆಯ ಬೆಸುಗೆ ಕರಗಿಹೋಗುತ್ತದೆ. ತುಂಬಿಸಿ ಒಂದು ರಾತ್ರಿ ಬಿಟ್ಟು ಸೋರಿಕೆ ನೋಡಿ. ಒಲೆಯ ಕೆಂಡವನ್ನು ಅಗ್ಗಿಷ್ಟಿಕೆಯಲ್ಲಿ ತುಂಬಿ, ಬಾಗಿಲು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವುದು ಮಾತ್ರ ಎಂದಿಗೂ ಬೇಡ. ಹೊಗೆಯಿಲ್ಲದ ಕೆಂಡವೇ ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಬಿಡುವುದು.

## ಸ್ವಲ್ಪ ಒಳಗಿನ ವಿಷಯ

ಗೀಸರ್ ಹಾಕಿದ್ರೆ ಇಡೀ ಮನೆ ಟ್ರಿಪ್. ಅರ್ತ್ ವೈರ್ ಬಿಚ್ಚಿದ್ರೆ ಸರಿಯಾಗ್ತದೆ ಅಂತಾರೆ, ಹೌದಾ?

ಟ್ರಿಪ್ ನಿಲ್ಲುತ್ತದೆ, ಅಪಾಯ ನಿಲ್ಲುವುದಿಲ್ಲ. ಸೋರುವ ಕರೆಂಟ್ ಮೊದಲು ಅರ್ತ್ ವೈರಿನಲ್ಲಿ ನೆಲಕ್ಕೆ ಹೋಗುತ್ತಿತ್ತು, ಆರ್‌ಸಿಸಿಬಿ ಅದನ್ನು ಗುರುತಿಸಿ ಬೀಳುತ್ತಿತ್ತು. ವೈರ್ ಬಿಚ್ಚಿದ ಮೇಲೆ ಅದು ಗೀಸರಿನ ಮೈಯಲ್ಲೇ ಕಾದು ಕುಳಿತಿರುತ್ತದೆ, ಒದ್ದೆ ಮೈಯವರು ನಲ್ಲಿ ಮುಟ್ಟಿದಾಗ ಅವರ ಮೂಲಕ ನೆಲಕ್ಕೆ ಇಳಿಯುತ್ತದೆ. ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸುವುದೂ ಅಷ್ಟೇ ಕೆಟ್ಟದ್ದು. ಹಾಗೆ ಮಾಡಿಕೊಡುತ್ತೇನೆ ಎನ್ನುವ ಎಲೆಕ್ಟ್ರಿಷಿಯನ್ನನ್ನು ಇನ್ನೊಮ್ಮೆ ಕರೆಯಬೇಡಿ.

ಬಿದ್ದದ್ದು ಯಾವುದು ಎಂದು ಮೊದಲು ನೋಡಿ. ಎಂಸಿಬಿ ಬಿದ್ದರೆ ಶಾರ್ಟ್ ಅಥವಾ ಹೆಚ್ಚಿನ ಲೋಡು. ಪರೀಕ್ಷೆ ಗುಂಡಿ ಇರುವ ಆರ್‌ಸಿಸಿಬಿ ಬಿದ್ದರೆ ಸೋರಿಕೆ, ಮನೆಗಳಲ್ಲಿ ಹಾಕುವುದು 30 ಮಿಲಿ ಆಂಪಿಯರಿನದ್ದು. ಎಲ್ಲ ಪ್ಲಗ್ ಕಿತ್ತು ಅದನ್ನು ಏರಿಸಿ. ನಿಂತರೆ ಒಂದೊಂದೇ ಹಾಕುತ್ತ ಬನ್ನಿ, ಬೀಳಿಸಿದ್ದೇ ಕಳ್ಳ. ಎಲ್ಲ ಕಿತ್ತರೂ ಬಿದ್ದರೆ ತೇವ ಗೋಡೆಯೊಳಗಿನ ವೈರಿಂಗಿನಲ್ಲಿ ಅಥವಾ ಹೊರಗಿನ ಲೈಟಿನ ಪೆಟ್ಟಿಗೆಯಲ್ಲಿದೆ.

ಕಳ್ಳ ರೂಮ್ ಹೀಟರಾದರೆ ಮೂರು ದಿನ ಬಿಸಿಲಿಗಿಟ್ಟು ಮತ್ತೆ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ. ಗೀಸರಾದರೆ ಎಲೆಕ್ಟ್ರಿಷಿಯನ್ ಕಾಯಿಲಿನ ವೈರ್ ಬಿಡಿಸಿ, 500 ವೋಲ್ಟಿನ ಮೆಗ್ಗರಿನಿಂದ (ಸೋರಿಕೆ ತಡೆಯುವ ಶಕ್ತಿ ಅಳೆಯುವ ಮೀಟರ್) ಕಾಯಿಲಿನ ತುದಿಗೂ ಮೈಗೂ ನಡುವೆ ಅಳೆಯಬೇಕು. ಸಾಧಾರಣ ಮಲ್ಟಿಮೀಟರ್ ಕೆಲವೇ ವೋಲ್ಟಿನಲ್ಲಿ ಅಳೆಯುವುದರಿಂದ ಈ ಸೋರಿಕೆ ಅದಕ್ಕೆ ಕಾಣದೇ ಹೋಗಬಹುದು. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಕಾಯಿಲ್ ಬಿಚ್ಚಿ ಒಣಗಿಸಿ ಮತ್ತೆ ಅಳೆಯಬೇಕು. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಒಣಗಿಸಿಯೂ ಪ್ರಯೋಜನವಿಲ್ಲ, ನೀರಿಗೆ ಬಿದ್ದ ಕೂಡಲೇ ಅದೇ ಕಥೆ. ಹೊಸ ಕಾಯಿಲ್ ಹಾಕಿಸುವುದೇ ದಾರಿ.

ನಲ್ಲಿ ಮುಟ್ಟಿದ್ರೆ ಜುಮ್ ಅಂತದೆ. ಅರ್ತಿಂಗ್ ಗುಂಡಿ ಇದೆಯಲ್ಲ?

ಜುಮ್ ಎಂದ ಕ್ಷಣವೇ ಗೀಸರ್ ಎಂಸಿಬಿ ಇಳಿಸಿ, ಕಾರಣ ಸಿಗುವವರೆಗೆ ಏರಿಸಬೇಡಿ. ಗುಂಡಿ ಇರುವುದು ಬೇರೆ, ಅದು ಕೆಲಸ ಮಾಡುವುದು ಬೇರೆ. ಚಿರೇಕಲ್ಲಿನ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಸರಸರ ಇಳಿದುಹೋಗುತ್ತದೆ. ಮಳೆಗಾಲದಲ್ಲಿ ಒಳ್ಳೆಯ ಅರ್ತಿಂಗ್ ಫೆಬ್ರವರಿ ಹೊತ್ತಿಗೆ ಒಣಗಿ ಕೂತಿರುತ್ತದೆ. ಹಳೇ ಗುಂಡಿಯಲ್ಲಿ ಕಬ್ಬಿಣದ ಪೈಪಿಗೆ ಕಟ್ಟಿದ ತಂತಿಯೇ ತುಕ್ಕಿನಲ್ಲಿ ಕಡಿದಿರುವುದೂ ಉಂಟು.

ಲೆಕ್ಕ ಸರಳ. ಅರ್ತಿಂಗ್ ರೋಧ 20 ಓಮ್ ಇದೆ ಎನ್ನಿ. ಗೀಸರಿನ ಮೈಗೆ ಪೂರ್ತಿ ಫೇಸ್ ತಗುಲಿದರೂ 230 ಭಾಗಿಸು 20, ಅಂದರೆ 11.5 ಆಂಪಿಯರ್ ಹರಿಯುತ್ತದೆ. 16 ಆಂಪಿಯರಿನ ಎಂಸಿಬಿಗೆ ಅದು ಮಾಮೂಲು ಲೋಡು, ಬೀಳುವುದೇ ಇಲ್ಲ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಮಾತ್ರ ತಕ್ಷಣ ಬೀಳುತ್ತದೆ. ನಮ್ಮ ನೆಲದಲ್ಲಿ ಅದು ಅನುಕೂಲಕ್ಕೆ ಹಾಕುವ ವಸ್ತುವಲ್ಲ, ಬೇಕೇ ಬೇಕು. ಅರ್ತ್ ಟೆಸ್ಟರಿನಿಂದ ಅಳೆಸಿ, ಮನೆಗೆ 5 ಓಮ್ ಒಳಗೆ ತರಲು ನೋಡಿ. ಇದ್ದಿಲು, ಉಪ್ಪು ಹೊಸದಾಗಿ ತುಂಬಿಸಿ, ಬೇಸಗೆಯಲ್ಲಿ ಆಗಾಗ ನೀರು ಹಾಕಿ, ಸಾಲದಿದ್ದರೆ ಕೆಲವು ಮೀಟರ್ ದೂರದಲ್ಲಿ ಇನ್ನೊಂದು ಗುಂಡಿ ಮಾಡಿಸಿ ಎರಡನ್ನೂ ಜೋಡಿಸಿ.

ಗೀಸರ್ ಎಂಸಿಬಿ ಇಳಿಸಿದ ಮೇಲೂ ಜುಮ್ ಎನ್ನುತ್ತಿದ್ದರೆ ಬೇರೆ ಉಪಕರಣದ ಸೋರಿಕೆ ಅರ್ತ್ ವೈರಿನ ಮೂಲಕ ಬರುತ್ತಿದೆ, ಅಥವಾ ಸರ್ವಿಸ್ ಲೈನಿನ ನ್ಯೂಟ್ರಲ್ ಕಡಿದಿದೆ. ದೀಪಗಳು ಒಮ್ಮೆ ಮಂದ ಒಮ್ಮೆ ಪ್ರಖರ ಆಗುತ್ತಿದ್ದರೆ ನ್ಯೂಟ್ರಲ್ ಎಂದೇ ತಿಳಿದು, ಮೇನ್ ಇಳಿಸಿ, ಹೆಸ್ಕಾಂಗೆ 1912ಕ್ಕೆ ಕರೆ ಮಾಡಿ.

ಗೀಸರಿಗೆ ಎಷ್ಟರ ಎಂಸಿಬಿ, ಎಷ್ಟು ದಪ್ಪ ವೈರ್?

2000 ವ್ಯಾಟಿಗೆ 16 ಆಂಪಿಯರ್ ಎಂಸಿಬಿ, 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಅರ್ತಿಗೂ ಅಷ್ಟೇ ದಪ್ಪದ್ದು. 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ, ಬಚ್ಚಲು ಮನೆಯಿಂದ ದೂರವಿದ್ದರೆ 4 ಚದರ ಮಿಲಿಮೀಟರ್ ಎಳೆಸಿ. ಬೋರ್ಡಿನಿಂದ ನೇರ ಪ್ರತ್ಯೇಕ ಲೈನ್ ಇರಲಿ. ಎಂಸಿಬಿ ಪದೇ ಪದೇ ಬೀಳುತ್ತದೆ ಎಂದು 32ರದ್ದು ಹಾಕಿಸಿದರೆ ಇನ್ನು ಮುಂದೆ ಮೊದಲು ಕಾಯುವುದು ಗೋಡೆಯೊಳಗಿನ ವೈರ್. ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಸಂಖ್ಯೆಯನ್ನೂ ನೋಡಿ: ಸ್ಟೋರೇಜ್ ಗೀಸರಿಗೆ ಐಎಸ್ 2082, ಬಕೆಟ್ ರಾಡಿಗೆ ಐಎಸ್ 368.

ಚಳಿ ಮುಗಿದ ಮೇಲೆ ಹೇಗೆ ಎತ್ತಿಡೋದು? ಗೀಸರ್ ಖಾಲಿ ಮಾಡಬೇಕಾ?

ನೀರು ಹೆಪ್ಪುಗಟ್ಟುವ ಚಳಿ ನಮ್ಮಲ್ಲಿಲ್ಲ, ಖಾಲಿ ಮಾಡುವ ಅಗತ್ಯವಿಲ್ಲ. ಮನೆಯಲ್ಲಿ ಜನ ಇದ್ದರೆ ವಾರಕ್ಕೊಮ್ಮೆ ಅರ್ಧ ಗಂಟೆ ಹಾಕಿ ಆ ನೀರು ಬಳಸಿ. ಮಳೆಗಾಲದಲ್ಲಿ ಹಾಗೆ ಮಾಡಿದರೆ ಕಾಯಿಲ್ ಒಣಗಿರುತ್ತದೆ, ನೀರೂ ಕೊಳೆಯುವುದಿಲ್ಲ. ಮನೆ ಬೀಗ ಹಾಕಿ ಹೋಗುವುದಾದರೆ ತಣ್ಣೀರಿನ ವಾಲ್ವ್ ಮುಚ್ಚಿ, ಎಂಸಿಬಿ ಇಳಿಸಿ, ಗೀಸರ್ ಮೇಲೆ ಚೀಟಿ ಅಂಟಿಸಿ: ‘ನೀರು ಬಿಡದೆ ಸ್ವಿಚ್ ಹಾಕಬೇಡಿ’. ಬೀಗದ ಕೈ ಪಡೆದು ಬರುವ ನೆಂಟರಿಗೆ ಇದು ಗೊತ್ತಿರುವುದಿಲ್ಲ.

ರೂಮ್ ಹೀಟರನ್ನು ಏಪ್ರಿಲ್ ಬಿಸಿಲಿಗಿಟ್ಟು, ಧೂಳು ಒರೆಸಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಮುಷ್ಟಿ ಸಿಲಿಕಾ ಜೆಲ್ ಜೊತೆ ಗಾಳಿಯಾಡದಂತೆ ಕಟ್ಟಿ, ನೆಟ್ಟಗೆ ನಿಲ್ಲಿಸಿಡಿ. ವೈರನ್ನು ಹೀಟರಿಗೆ ಬಿಗಿಯಾಗಿ ಸುತ್ತಬೇಡಿ, ಮೈಯಿಂದ ಹೊರಡುವ ಜಾಗದಲ್ಲೇ ಅದು ಮೊದಲು ಮುರಿಯುವುದು. ಹೊಗೆ ಅಟ್ಟದ ಮೇಲೆ ಇಡುವುದಕ್ಕಿಂತ ಕಪಾಟಿನ ಮೇಲಿನ ಅರೆ ಒಳ್ಳೆಯದು.